ಸೆಲ್ ಹೊಸದು, ರಿಮೋಟ್ ಮಾತ್ರ ಮೂಕ

ಓದುಗರ ಪ್ರಶ್ನೆಗಳು: ವಾಹನ

ಪ್ರ: ಕಾರಿನ ಫ್ಲಿಪ್ ಚಾವಿಯ ಸೆಲ್ ವೀಕ್ ಆಗಿತ್ತು. ಸೂಪರ್ ಮಾರ್ಕೆಟ್‌ನಾಗ ವಾಚ್ ಅಂಗಡಿಯಿಂದ ಹೊಸಾದು ತಂದು ಮನ್ಯಾಗ ನಾನೇ ಹಾಕೀನಿ. ಈಗ ಲಾಕೂ ಆಗವಲ್ದು, ಅನ್‌ಲಾಕೂ ಆಗವಲ್ದು. ಚಾವಿ ತಿರುವಿದರ ಗಾಡಿ ಮಾತ್ರ ಚಾಲೂ ಆಗ್ತದ. ‘ಸೆಲ್ ತೆಗೆದ್ರ ಕೋಡಿಂಗ್ ಹೋಗ್ತದ, ಮತ್ತ ಮಾಡಿಸ್ಬೇಕು’ ಅಂತಾರ ಗ್ಯಾರೇಜಿನ ಮಿಸ್ತ್ರಿ. ಖರೇನಾ? – ಓದುಗರು, ಕಲಬುರಗಿ

ಉ: ಬಹುತೇಕ ಕಾರುಗಳ ಮಟ್ಟಿಗೆ ಖರೆ ಅಲ್ಲ. ಕಾರು ಗುರುತು ಹಿಡಿಯುವ ರಿಮೋಟಿನ ಕೋಡ್ ಇರುವುದು ಕರೆಂಟ್ ಇಲ್ಲದಿದ್ದರೂ ಅಳಿಯದ ಮೆಮೊರಿಯಲ್ಲಿ. ಸೆಲ್ ತೆಗೆದು ತಿಂಗಳುಗಟ್ಟಲೆ ಕಪಾಟಿನಲ್ಲಿಟ್ಟರೂ ಅದು ಹೋಗುವುದಿಲ್ಲ. ಕೋಡಿಂಗಿಗೆ ದುಡ್ಡು ಎಣಿಸುವ ಮೊದಲು ಚಾವಿಯ ಹೊಟ್ಟೆಯೊಳಗೆ ಒಮ್ಮೆ ನೋಡಿ.

ಗಾಡಿ ಚಾಲೂ ಆಗುತ್ತಿರುವುದು ಒಳ್ಳೆಯ ಸುಳಿವು. ಎಂಜಿನ್ನಿಗೆ ಅಪ್ಪಣೆ ಕೊಡುವ ಇಮ್ಮೊಬಿಲೈಸರ್ ಚಿಪ್‌ಗೆ ಸೆಲ್ ಬೇಕಿಲ್ಲ. ಚಾವಿ ತೂರಿಸುವ ಜಾಗದ ಸುತ್ತ ಇರುವ ತಂತಿಸುರುಳಿಯಿಂದಲೇ ಅದಕ್ಕೆ ಶಕ್ತಿ ಸಿಗುತ್ತದೆ. ಬಾಗಿಲು ತೆರೆಯುವ ರೇಡಿಯೊ ಭಾಗ ಬೇರೆ. ನಿಮ್ಮಲ್ಲಿ ಕೆಟ್ಟಿರುವುದು ಅದೊಂದೇ. ಮನೆಯಲ್ಲಿ ಎರಡನೇ ಚಾವಿ ಇದ್ದರೆ ಮೊದಲು ಅದನ್ನು ಒತ್ತಿ ನೋಡಿ. ಅದು ಕೆಲಸ ಮಾಡಿದರೆ ಕಾರಿನದೇನೂ ತಪ್ಪಿಲ್ಲ.

ಈಗ ಸೆಲ್ಲಿನ ನಂಬರ್ ಓದಿ. ಸಿಆರ್ 2032 ಅಂದರೆ 20 ಮಿಮೀ ಅಡ್ಡಗಲ, 3.2 ಮಿಮೀ ದಪ್ಪ. ಸಿಆರ್ 2025 ಕೂಡ 3 ವೋಲ್ಟಿನದೇ, ಅಗಲವೂ ಅಷ್ಟೇ, ಆದರೆ 0.7 ಮಿಮೀ ತೆಳು. 2032ರ ಜಾಗದಲ್ಲಿ ಅದನ್ನು ಹಾಕಿದರೆ ಟೇಬಲ್ ಮೇಲೆ ನಡೆಯುತ್ತದೆ, ಜೇಬಿನಲ್ಲಿ ಅಲುಗಿದಾಗ ಕೈಕೊಡುತ್ತದೆ. ಕೆಲವರು 2032 ಸಿಗಲಿಲ್ಲವೆಂದು ಎರಡು 2016 ಸೆಲ್‌ಗಳನ್ನು ಒಂದರ ಮೇಲೊಂದು ಇಡುತ್ತಾರೆ. ದಪ್ಪದ ಲೆಕ್ಕ ಸರಿಹೋಗುತ್ತದೆ, 1.6 ಮತ್ತು 1.6 ಸೇರಿ 3.2. ವೋಲ್ಟೇಜ್ ಮಾತ್ರ 6 ಆಗುತ್ತದೆ, ಬೋರ್ಡ್ ಸುಡುವ ಸಂಭವವಿದೆ. ಎಲ್‌ಐಆರ್ 2032 ಎಂದು ಬರೆದಿದ್ದರೆ ಅದು ಚಾರ್ಜ್ ಮಾಡುವ ಸೆಲ್, ತುಂಬಿದಾಗ 4.2 ವೋಲ್ಟ್. ಅದೂ ಬೇಡ.

ನಂಬರ್ ಕೆತ್ತಿರುವ ಅಗಲವಾದ ನುಣುಪು ಮುಖ ಪ್ಲಸ್. ಚಾವಿಯೊಳಗೆ ಪ್ಲಾಸ್ಟಿಕ್ಕಿನ ಮೇಲೋ ಬೋರ್ಡಿನ ಮೇಲೋ ಪ್ಲಸ್ ಗುರುತು ಇರುತ್ತದೆ, ಎರಡನ್ನೂ ಹೊಂದಿಸಿ. ಮುಂದಿನ ಸಲ ಹಳೆಯ ಸೆಲ್ ಎಬ್ಬಿಸುವ ಮೊದಲೇ ಮೊಬೈಲಿನಲ್ಲಿ ಒಂದು ಫೋಟೊ ಹೊಡೆದುಕೊಂಡರೆ ಈ ಗೊಂದಲವೇ ಇರುವುದಿಲ್ಲ. ಸೆಲ್ಲನ್ನು ಸ್ಟೀಲ್ ಚಿಮಟಿಗೆಯಿಂದ ಹಿಡಿಯಬೇಡಿ, ಎರಡೂ ಮುಖಕ್ಕೆ ತಾಗಿ ಶಾರ್ಟ್ ಆಗುತ್ತದೆ. ಮಕ್ಕಳು ನುಂಗದಿರಲೆಂದು ಕೆಲವು ಸೆಲ್‌ಗಳಿಗೆ ಕಹಿ ಲೇಪ ಹಚ್ಚಿರುತ್ತಾರೆ, ಕೆಲವು ಸಾಧನಗಳಲ್ಲಿ ಆ ಲೇಪವೇ ಸಂಪರ್ಕಕ್ಕೆ ಅಡ್ಡ ಬರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಮೈನಸ್ ಮುಖ ಒರೆಸಿ.

ಎಷ್ಟೋ ರಿಮೋಟ್‌ಗಳು ಸೋಲುವುದು ಸೆಲ್ ತಾಗುವ ಜಾಗದಲ್ಲಿ. ಸೆಲ್ಲಿನ ಅಡಿಗೆ ಹಾಗೂ ಪಕ್ಕಕ್ಕೆ ತಾಗುವ ಲೋಹದ ಸಣ್ಣ ನಾಲಿಗೆಗಳಿವೆಯಲ್ಲ, ಸ್ಕ್ರೂಡ್ರೈವರ್ ತೂರಿಸಿ ಸೆಲ್ ಮೀಟುವಾಗ ಅವು ಚಪ್ಪಟೆಯಾಗಿಬಿಡುತ್ತವೆ. ಕಣ್ಣಿನ ಮಟ್ಟಕ್ಕೆ ಹಿಡಿದು ಅಡ್ಡದಿಂದ ನೋಡಿದರೆ ನಾಲಿಗೆಯ ತುದಿ ತಳದಿಂದ ತುಸು ಎದ್ದಿರಬೇಕು. ಮಲಗಿದ್ದರೆ ಸೂಜಿಯ ಮೊನೆಯಿಂದ ಅರ್ಧ ಮಿಲಿಮೀಟರಿನಷ್ಟು ಎತ್ತಿ. ಹೆಚ್ಚು ಎಳೆದರೆ ಬುಡದ ಬೆಸುಗೆ ಬಿರುಕು ಬಿಡುತ್ತದೆ. ಫರ್ಸಿ ಕಲ್ಲಿನ ಪುಡಿ, ಸಿಮೆಂಟ್ ದೂಳು, ದಾಲ್ ಮಿಲ್ಲಿನ ಹೊಟ್ಟು ನಮ್ಮ ಕಡೆ ಯಾವ ಜೇಬನ್ನೂ ಬಿಡುವುದಿಲ್ಲ. ಬೆವರಿನ ಜಿಡ್ಡಿನೊಂದಿಗೆ ಸೇರಿ ಅದು ಈ ನಾಲಿಗೆಗಳ ಮೇಲೆ ಪದರವಾಗಿ ಕೂರುತ್ತದೆ. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ರಬ್ಬರಿನ ಚೂರು ಊದಿ, ಆಲ್ಕೊಹಾಲಿನಿಂದ ಒರೆಸಿ ಐದು ನಿಮಿಷ ಒಣಗಲು ಬಿಡಿ. ಮರಳು ಕಾಗದ ಬೇಡ, ಮೇಲಿನ ಲೇಪ ಕಿತ್ತುಬರುತ್ತದೆ.

ಸೆಲ್ ಹಾಕುವ ಮೊದಲು ಒಂದು ಬಟನ್ ಐದಾರು ಸಲ ಒತ್ತಿ ಒಂದು ನಿಮಿಷ ಸುಮ್ಮನಿರಿ. ಬೋರ್ಡಿನಲ್ಲಿ ಉಳಿದ ಅಲ್ಪಸ್ವಲ್ಪ ಚಾರ್ಜ್ ಖಾಲಿಯಾಗುತ್ತದೆ, ಒಳಗಿನ ಚಿಪ್ ಅರೆಬರೆ ಎಚ್ಚರದಲ್ಲಿ ಸಿಕ್ಕಿಕೊಂಡಿದ್ದರೆ ಮೊದಲಿನಿಂದ ಶುರುವಾಗುತ್ತದೆ. ಆಮೇಲೆ ಸೆಲ್ಲನ್ನು ಒಂದೇ ಸಲಕ್ಕೆ ಗಟ್ಟಿಯಾಗಿ ಕೂರಿಸಿ.

ಕವಚ ಮುಚ್ಚುವ ಮೊದಲೇ ಕಾರಿನ ಪಕ್ಕ ನಿಂತು, ಬೋರ್ಡಿನ ಮೇಲಿನ ಪುಟ್ಟ ಸ್ವಿಚ್ಚನ್ನು ಉಗುರಿನಿಂದ ನೇರ ಒತ್ತಿ. ‘ಟಿಕ್’ ಎಂದು ಬಾಗಿಲು ತೆರೆದರೆ ರಿಮೋಟ್ ಸರಿಯಿದೆ, ತಪ್ಪು ಜೋಡಣೆಯಲ್ಲಿ: ಬೋರ್ಡ್ ಗೂಟಗಳ ಮೇಲೆ ಸರಿಯಾಗಿ ಕೂತಿಲ್ಲ, ಇಲ್ಲವೇ ರಬ್ಬರ್ ಪ್ಯಾಡ್ ಜರುಗಿದೆ. ‘ಟಿಕ್’ ಸದ್ದೇ ಇಲ್ಲದ ಸ್ವಿಚ್ ಸವೆದಿರಬಹುದು, ಮೊಬೈಲ್ ರಿಪೇರಿಯವರು ಬೆಸುಗೆ ಹಾಕಿ ಬದಲಿಸಿ ಕೊಡುತ್ತಾರೆ.

ಇಷ್ಟೆಲ್ಲ ಮಾಡಿದರೂ ಆಗದಿದ್ದರೆ ಆಗ ಕೋಡಿನ ಮಾತು. ರಿಮೋಟ್ ಪ್ರತಿ ಒತ್ತಿಗೂ ಹೊಸ ಕೋಡ್ ಕಳಿಸುತ್ತದೆ, ಕಾರು ಆ ಲೆಕ್ಕವನ್ನು ಹಿಂಬಾಲಿಸುತ್ತಿರುತ್ತದೆ. ಕಾರಿನಿಂದ ದೂರದಲ್ಲಿ ಮಗು ಅದನ್ನು ಆಟಿಕೆ ಮಾಡಿಕೊಂಡು ಬೇಕಾಬಿಟ್ಟಿ ಒತ್ತಿದ್ದರೆ ಲೆಕ್ಕ ತಪ್ಪುತ್ತದೆ. ಹತ್ತಿರ ನಿಂತು ಎರಡು ಮೂರು ಸಲ ಒತ್ತಿದರೇ ಎಷ್ಟೋ ಕಾರುಗಳು ಮತ್ತೆ ಹೊಂದಿಕೊಳ್ಳುತ್ತವೆ. ಕೆಲವಕ್ಕೆ ಇಗ್ನಿಷನ್ ಆನ್ ಮಾಡಿ ಲಾಕ್ ಬಟನ್ ಒತ್ತಿ ಹಿಡಿಯಬೇಕು. ಎಷ್ಟು ಸೆಕೆಂಡು ಎಂಬುದು ಮಾದರಿಯಿಂದ ಮಾದರಿಗೆ ಬೇರೆ, ಕಾರಿನ ಕೈಪಿಡಿಯಲ್ಲಿ ಇರುತ್ತದೆ. ಇದಕ್ಕೆ ಯಂತ್ರವೂ ಬೇಡ, ಖರ್ಚೂ ಇಲ್ಲ.

ಪ್ರ: ಒಡೆದ ಚಾವಿಗೆ ಹೊಸ ಕವರ್ ಹಾಕಿಸಿ, ಸೆಲ್ಲೂ ಬದಲಿಸಿದೆವು. ಬಾಗಿಲು ಚೆನ್ನಾಗಿ ತೆರೀತದ, ಆದರೆ ಎಂಜಿನ್ ಚಾಲೂ ಆಗವಲ್ದು. ಮೀಟರಿನಲ್ಲಿ ಚಾವಿಯ ಚಿತ್ರದ ದೀಪ ಮಿಣಮಿಣ ಅಂತದ. – ಓದುಗರು, ಭಾಲ್ಕಿ, ಬೀದರ್ ಜಿಲ್ಲೆ

ಉ: ಮೇಲಿನವರ ಕಥೆಯ ತಿರುವುಮುರುವು. ಹಳೆಯ ಕವರ್ ಎಸೆದಿಲ್ಲ ತಾನೆ? ಇಮ್ಮೊಬಿಲೈಸರ್ ಚಿಪ್ ಅದರಲ್ಲೇ ಉಳಿದಿರಬೇಕು. ಕೆಲವು ಚಾವಿಗಳಲ್ಲಿ ಇದು ಬೋರ್ಡಿಗೆ ಅಂಟಿರುವುದಿಲ್ಲ, ಕವಚದ ಒಂದು ಗೂಡಿನಲ್ಲಿ ಸುಮ್ಮನೆ ಕೂತಿರುತ್ತದೆ. ಸುಮಾರು 12 ಮಿಮೀ ಉದ್ದ, 6 ಅಗಲ, 3 ದಪ್ಪದ ಕಪ್ಪು ತುಂಡು, ನೋಡಿದರೆ ಪ್ಲಾಸ್ಟಿಕ್ ಚೂರು ಎಂದೇ ಅನ್ನಿಸುತ್ತದೆ. ಇನ್ನು ಕೆಲವದರಲ್ಲಿ ಸಣ್ಣ ಗಾಜಿನ ನಳಿಗೆ. ಹಳೆಯ ಕವರ್, ಟೇಬಲ್ಲಿನ ಕೆಳಗೆ, ಅಂಗಡಿಯವರ ಕಸದ ಡಬ್ಬಿ, ಮೂರನ್ನೂ ಹುಡುಕಿ. ಸಿಕ್ಕಿತೆಂದರೆ ಹೊಸ ಕವಚದಲ್ಲಿ ಅದಕ್ಕೆಂದೇ ಇರುವ ಗೂಡಿಗೆ ಇಟ್ಟರೆ ಮುಗಿಯಿತು. ಕಳೆದೇಹೋಗಿದ್ದರೆ ಎರಡನೇ ಚಾವಿಯಿಂದ ಗಾಡಿ ಓಡಿಸಿ, ಹೊಸ ಚಿಪ್ಪಿಗೆ ಕೋಡಿಂಗ್ ಮಾಡಿಸಿ. ಇಲ್ಲಿ ಮಾತ್ರ ಕೋಡಿಂಗ್ ಖರೇನೇ ಬೇಕು.

ಪ್ರ: ಮೀಟರ್ ಹಿಡಿದರ ಹೊಸ ಸೆಲ್ 3.1 ವೋಲ್ಟ್ ತೋರಸ್ತದ. ಆದರೂ ಬಾಗಿಲ ಹತ್ರ ಹೋಗಿ ನಿಂತ್ರೇ ತೆರೀತದ. ಎರಡು ತಿಂಗಳಿಗೊಮ್ಮೆ ಸೆಲ್ ಖಾಲಿ. – ಓದುಗರು, ಯಾದಗಿರಿ

ಉ: ಬಿಡಿಯಾಗಿ ಹಿಡಿದಾಗ ಬರುವ ವೋಲ್ಟೇಜನ್ನು ನಂಬಬೇಡಿ. ಹಾಗೆ ಹಿಡಿದಾಗಲೂ ತಾಜಾ ಸೆಲ್ 3.2ರಿಂದ 3.3 ತೋರಿಸಬೇಕು. ಸೆಲ್ಲಿನ ಎರಡೂ ಮುಖಕ್ಕೆ 470 ಓಮ್ ರೆಸಿಸ್ಟರ್ ತಾಗಿಸಿ ಐದು ಸೆಕೆಂಡು ಮೀಟರ್ ನೋಡಿ. 3ರ ಆಸುಪಾಸು ನಿಂತರೆ ಸರಿ, 2.8ರ ಕೆಳಗೆ ಜಾರಿದರೆ ಅದು ಅಂಗಡಿಯಲ್ಲಿ ವರ್ಷಗಟ್ಟಲೆ ಬಿಸಿಲು ಕಂಡ ಮಾಲು. ಸ್ಟ್ರಿಪ್ಪಿನಿಂದ ಬಿಡಿಯಾಗಿ ಕತ್ತರಿಸಿ ಕೊಡುವುದಕ್ಕಿಂತ ದಿನಾಂಕ ಇರುವ ಸೀಲ್ ಪ್ಯಾಕ್ ತೊಗೊಳ್ಳಿ.

ಬೇಗ ಖಾಲಿಯಾಗುವುದಕ್ಕೆ ಮೊದಲ ಅನುಮಾನ ಒತ್ತಿಕೊಂಡೇ ಉಳಿದ ಬಟನ್ ಮೇಲೆ. ಹೊಸ ಕವಚದ ರಬ್ಬರ್ ದಪ್ಪವಿದ್ದರೆ ಸ್ವಿಚ್ಚನ್ನು ಸದಾ ತಳ್ಳುತ್ತಿರುತ್ತದೆ. ನಿಮ್ಮದು ಜೇಬಿನಲ್ಲಿದ್ದರೇ ಬಾಗಿಲು ತೆರೆಯುವ ಸ್ಮಾರ್ಟ್ ಚಾವಿಯಾದರೆ, ಮನೆಯಲ್ಲಿ ಅದನ್ನು ನೇತುಹಾಕುವ ಮೊಳೆ ಎಲ್ಲಿದೆ ನೋಡಿ. ಗೋಡೆಯ ಆಚೆಗೇ ಕಾರು ನಿಂತಿದ್ದರೆ ಕೆಲವು ಮಾದರಿಗಳಲ್ಲಿ ಚಾವಿ ಮತ್ತೆ ಮತ್ತೆ ಎಚ್ಚರಗೊಂಡು ಉತ್ತರ ಕೊಡುತ್ತಿರುತ್ತದೆ. ಕಾರಿನಿಂದ ದೂರದ ಕೋಣೆಗೆ ಬದಲಿಸಿ. ಏಪ್ರಿಲ್, ಮೇ ಬಿಸಿಲಿನಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಎರಡನೇ ಚಾವಿ ಇಡುವುದೂ ಬೇಡ. ಈ ಸೆಲ್‌ಗಳು ಸಾಮಾನ್ಯವಾಗಿ 60 ಡಿಗ್ರಿ ತನಕದ ಶಾಖಕ್ಕೆ ಮಾಡಿದವು, ಗಾಜು ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ ಅದನ್ನು ದಾಟಬಲ್ಲದು.

ಪ್ರ: ನಮ್ಮದು ಹೊರಗೆ ಹಾಕಿಸಿದ ಸೆಂಟ್ರಲ್ ಲಾಕ್. ಅದರ ರಿಮೋಟಿಗೆ ನಾಣ್ಯದಂಥ ಸೆಲ್ ಇಲ್ಲ, ಗಿಡ್ಡ ಪೆನ್ಸಿಲ್ ಸೆಲ್ ಇದೆ. – ಓದುಗರು, ಹುಮನಾಬಾದ್

ಉ: ಅದು 12 ವೋಲ್ಟಿನದು, 23ಎ ಅಥವಾ 27ಎ. ಎರಡರ ಉದ್ದ ಹೆಚ್ಚುಕಡಿಮೆ ಒಂದೇ, 28 ಮಿಮೀ ಆಸುಪಾಸು. 23ಎ ದಪ್ಪ 10 ಮಿಮೀ, 27ಎ ಸುಮಾರು 8 ಮಿಮೀ. ತೆಳ್ಳಗಿನದನ್ನು ದಪ್ಪನೆಯದರ ಜಾಗದಲ್ಲಿ ಹಾಕಿದರೆ ಗುಡುಗುಡು ಅಲುಗುತ್ತದೆ. ಹಳೆಯದನ್ನೇ ಅಂಗಡಿಗೆ ಒಯ್ಯಿರಿ.

ಪ್ರ: ಸ್ಮಾರ್ಟ್ ಚಾವಿಯ ಸೆಲ್ ದಾರ್ಯಾಗ ಪೂರಾ ಸತ್ತರ ಏನು ಮಾಡೋದ್ರಿ? ತೆಗೆದ ಹಳೇ ಸೆಲ್ ಎಲ್ಲಿ ಹಾಕೋದು? – ಓದುಗರು, ಶಹಾಪುರ

ಉ: ಚಾವಿಯ ಪಕ್ಕದ ಗುಂಡಿ ಜರುಗಿಸಿದರೆ ಒಳಗಿಂದ ಲೋಹದ ಚಾವಿ ಬರುತ್ತದೆ. ಅದರಿಂದ ಚಾಲಕನ ಬಾಗಿಲು ತೆರೆಯಿರಿ. ಕೆಲವು ಕಾರುಗಳಲ್ಲಿ ತೂತು ಹಿಡಿಕೆಯ ಮುಚ್ಚಳದ ಕೆಳಗೆ ಅಡಗಿರುತ್ತದೆ. ಅಲಾರಂ ಕೂಗಿದರೆ ಗಾಬರಿ ಬೇಡ. ಸತ್ತ ಚಾವಿಯನ್ನೇ ಸ್ಟಾರ್ಟ್ ಬಟನ್ನಿಗೆ ತಾಗಿಸಿ ಹಿಡಿದು, ಬ್ರೇಕ್ ಅಥವಾ ಕ್ಲಚ್ ತುಳಿದು ಬಟನ್ ಒತ್ತಿ. ಅಷ್ಟು ಹತ್ತಿರದಲ್ಲಿ ಸೆಲ್ ಇಲ್ಲದೆಯೂ ಚಿಪ್ ಓದಿಸಿಕೊಳ್ಳುತ್ತದೆ. ಕೆಲವು ಮಾದರಿಗಳಲ್ಲಿ ಚಾವಿ ಇಡಲು ಬೇರೆ ಜಾಗ ಇರುತ್ತದೆ, ಕೈಪಿಡಿಯಲ್ಲಿ ಈಗಲೇ ನೋಡಿಟ್ಟುಕೊಳ್ಳಿ.

ಹಳೇ ಸೆಲ್ಲಿನ ಎರಡೂ ಮುಖಕ್ಕೆ ಟೇಪ್ ಸುತ್ತಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡುವ ತನಕ ಮಕ್ಕಳ ಕೈಗೆ ಎಟುಕದ ಕಡೆ ಇಡಿ. ಮಗು ನುಂಗಿದರೆ ಗಂಟಲ ನಾಳದಲ್ಲಿ ಸಿಕ್ಕಿಕೊಂಡ ಸೆಲ್ ಎರಡೇ ತಾಸಿನಲ್ಲಿ ಸುಟ್ಟ ಗಾಯ ಮಾಡಬಲ್ಲದು. ರಿಮೋಟಿಗೆ ಸಾಲದಷ್ಟು ವೀಕ್ ಆದ ಸೆಲ್ಲೂ ಅದಕ್ಕೆ ಸಾಕು. ವಾಂತಿ ಮಾಡಿಸಲು ಹೋಗದೆ, ಎಕ್ಸ್‌ರೇ ಇರುವ ಆಸ್ಪತ್ರೆಗೆ ತಕ್ಷಣ ಕರೆದೊಯ್ಯಿರಿ, ಸೆಲ್ಲಿನ ನಂಬರ್ ಇರುವ ಪ್ಯಾಕೆಟ್ಟೂ ಜೊತೆಗಿರಲಿ.