ಒಜಿಬ್ವೆ ಜನರ ಬಾಯಿಮಾತಿನ ಚರಿತ್ರೆಯನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದರೆ ಸಾಲದೇ?

ಸಾಲದು. ಅಮೆರಿಕ-ಕೆನಡಾ ಗಡಿಯ ಮಹಾಸರೋವರಗಳ ಸುತ್ತ ಬಾಳುವ ಮೂಲನಿವಾಸಿ ಒಜಿಬ್ವೆ ಜನರಲ್ಲಿ ಬಾಯಿಮಾತಿನ ಕಥನ ಎರಡು ಬಗೆ. ಕಂಡದ್ದು, ಕೇಳಿದ್ದು, ಹಿಂದಿನವರು ಬದುಕಿದ ರೀತಿ, ಇವೆಲ್ಲ 'ದಿಬಾಜಿಮೊವಿನ್'. ಯಾವಾಗ ಬೇಕಾದರೂ ಹೇಳಬಹುದು. ಪವಿತ್ರ ಕಥೆ 'ಆದಿಜೋಕಾನ್'. ಅದನ್ನು ನೆಲದ ಮೇಲೆ ಹಿಮ ಇರುವಾಗ ಮಾತ್ರ ಹೇಳುವುದು ರೂಢಿ. ನಾಮಪದಗಳನ್ನು ಸಜೀವ, ನಿರ್ಜೀವ ಎಂದು ವಿಂಗಡಿಸುವ ಆ ಭಾಷೆಯ ವ್ಯಾಕರಣದಲ್ಲೂ ಈ ಪದ ಸಜೀವ ವರ್ಗಕ್ಕೆ ಸೇರುತ್ತದೆ! ಬೇಸಿಗೆಯಲ್ಲೂ ಬೆರಳ ತುದಿಗೆ ಸಿಗುವ ವಿಡಿಯೊಗೆ ಈ ಕಟ್ಟಳೆ ಎಲ್ಲಿ ಗೊತ್ತು?

ಅದಕ್ಕೇ ಮುಕುರ್ತು ಥರದ ಉಚಿತ ತಂತ್ರಾಂಶ ಹೆಚ್ಚು ಒಪ್ಪುತ್ತದೆ. ಆಸ್ಟ್ರೇಲಿಯಾದ ಮೂಲನಿವಾಸಿ ವರುಮುಂಗು ಜನರ ಜೊತೆಗೂಡಿ ರೂಪಿಸಿದ ಇದರಲ್ಲಿ, ಯಾವ ಧ್ವನಿಮುದ್ರಣ ಯಾರಿಗೆ ತೆರೆಯಬೇಕು ಎಂಬುದನ್ನು ಸಮುದಾಯವೇ ನಿಗದಿ ಮಾಡುತ್ತದೆ.

ಇನ್ನು, ಭಾಷೆಯೇ ತಿಳಿಯದಿದ್ದರೆ ಕಥೆ ಕೇಳುವವರಾರು? ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರವಿಟ್ಟು ಸರ್ಕಾರ, ಚರ್ಚುಗಳು ನಡೆಸಿದ ವಸತಿಶಾಲೆಗಳು ಅವರ ಬಾಯಿಂದ ಈ ನುಡಿಯನ್ನೇ ಕಿತ್ತುಕೊಂಡಿದ್ದವು. ಹಾಗಾಗಿ ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಮಿನೆಸೋಟ ವಿಶ್ವವಿದ್ಯಾಲಯದ 'ಒಜಿಬ್ವೆ ಪೀಪಲ್ಸ್ ಡಿಕ್ಷನರಿ'. ಅನೇಕ ಪದಗಳನ್ನು ಅಲ್ಲಿ ಹಿರಿಯರ ದನಿಯಲ್ಲೇ ಕೇಳಬಹುದು; ಹೇಳಿದವರು ಯಾರೆಂಬುದೂ ಜೊತೆಗೇ ಸಿಗುತ್ತದೆ.