ದೇಹವನ್ನು ಹಳೆಯ ಸೀರೆಯಂತೆ ಕಳಚಿಡಬೇಡಿ

ಆತ್ಮೀಯ ಸಹೋದರಿಗೆ, ನಮಸ್ಕಾರಗಳು.

ಈಸ್ಟರ್ ಸಂಚಿಕೆಗೆಂದು ನೀವು ಮುದಗಲ್‌ನಿಂದ ಕಳುಹಿಸಿದ ‘ಮಣ್ಣಿನಿಂದ ಬೆಳಕಿಗೆ’ ಎಂಬ ಪ್ರಬಂಧವನ್ನು ಮೂರು ಸಲ ಓದಿದೆ. ನಿಮ್ಮ ಭಾಷೆ ಶುದ್ಧವಾಗಿದೆ, ಬರವಣಿಗೆಯಲ್ಲಿ ಅವಸರವಿಲ್ಲ. ಅಜ್ಜಿ ರೊಟ್ಟಿ ಬಡಿಯುವುದು, ಹಂಚು ತಗುಲಿ ಅವರ ಮುಂಗೈ ಮೇಲೆ ಉಳಿದ ಸುಟ್ಟ ಕಲೆ, ಅವರನ್ನು ಮಣ್ಣು ಮಾಡಿದ ದಿನ ಊರವರು ಒಬ್ಬೊಬ್ಬರಾಗಿ ಒಂದು ಹಿಡಿ ಮಣ್ಣು ಹಾಕಿ ಹಿಂದೆ ಸರಿದದ್ದು, ಇವೆಲ್ಲ ಇರುವ ಮೊದಲ ಪುಟದ ಒಂದು ಅಕ್ಷರವನ್ನೂ ನಾನು ಮುಟ್ಟುವುದಿಲ್ಲ. ನನ್ನನ್ನು ಕಾಡಿದ್ದು ಮೂರನೆಯ ಪುಟ. ಅದರಲ್ಲಿಯೂ ಎರಡು ಕಡೆ ನೀವು ಬರೆದದ್ದನ್ನು ಹಾಗೆಯೇ ಬಿಟ್ಟು ಅಚ್ಚಿಗೆ ಕಳುಹಿಸಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಉಳಿದ ಸಣ್ಣಪುಟ್ಟ ತಿದ್ದುಪಡಿಗಳ ಗೊಡವೆಗೆ ಹೋಗದೆ ಆ ಎರಡನ್ನೇ ಹಿಡಿದು ಬರೆಯುತ್ತಿದ್ದೇನೆ.

ಮೊದಲನೆಯದು ಈ ಸಾಲು: “ದೇಹವೆಂಬ ಹಳೆಯ ಸೀರೆ ಕಳಚಿಬಿತ್ತು, ಅಜ್ಜಿಯ ಆತ್ಮ ಆ ಕ್ಷಣವೇ ಪುನರುತ್ಥಾನ ಹೊಂದಿತು.”

‘ಪುನರುತ್ಥಾನ’ ಎಂಬ ಪದವನ್ನು ಸ್ವಲ್ಪ ನಿಧಾನವಾಗಿ ನೋಡಿ. ಉತ್ಥಾನವೆಂದರೆ ಏಳುವುದು, ಎದ್ದು ನಿಲ್ಲುವುದು. ಬೈಬಲಿನ ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಇರುವ ‘ಅನಾಸ್ತಾಸಿಸ್’ ಎಂಬ ಪದಕ್ಕೂ ಎದ್ದು ನಿಲ್ಲುವುದೆಂದೇ ಅರ್ಥ. ಉತ್ಥಾನದೊಳಗಿನ ನಮ್ಮ ‘ಸ್ಥಾ’ ಧಾತುವಿಗೂ ಅದರೊಳಗಿನ ‘ಸ್ತಾಸಿಸ್’ಗೂ ಮೂಲ ಒಂದೇ. ಬಿದ್ದದ್ದು ಮಾತ್ರ ಏಳಬೇಕು, ಮಲಗಿಸಿದ್ದು ಮಾತ್ರ ನಿಲ್ಲಬೇಕು. ಆ ದಿನ ನೀವು ಕುಣಿಯಲ್ಲಿ ಮಲಗಿಸಿದ್ದು ಅಜ್ಜಿಯ ದೇಹವನ್ನು. ಆತ್ಮವನ್ನು ಯಾರೂ ಅಲ್ಲಿ ಮಲಗಿಸಿರಲಿಲ್ಲ. ಮಲಗದೆ ಇದ್ದದ್ದು ಏಳುವುದಾದರೂ ಹೇಗೆ? ಆತ್ಮ ಅಳಿಯುವುದಿಲ್ಲ ಎಂಬುದು ಒಂದು ನಂಬಿಕೆ, ಸತ್ತವರು ಏಳುತ್ತಾರೆ ಎಂಬುದು ಇನ್ನೊಂದು. ಕ್ರೈಸ್ತರು ಎರಡನ್ನೂ ಹೇಳುತ್ತ ಬಂದಿದ್ದಾರೆ, ನಿಜ. ಆದರೆ ಎರಡನ್ನೂ ಒಂದೇ ಹೆಸರಿನಿಂದ ಕರೆದಿಲ್ಲ. ನೀವು ಆ ಪುಟದ ಕೆಳಗೆ ‘ಪುನರ್ಜನ್ಮ’ ಎಂದೂ ಬರೆದಿದ್ದೀರಿ. ಅಜ್ಜಿ ಮತ್ತೊಂದು ಊರಿನಲ್ಲಿ, ಮತ್ತೊಬ್ಬ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದರೆಂದು ಹೇಳುವ ಉದ್ದೇಶ ನಿಮಗೆ ಇರಲಿಲ್ಲವೆಂದು ನಾನು ಬಲ್ಲೆ. ಹಾಗಿದ್ದರೆ ಆ ಪದ ಅಲ್ಲಿಗೆ ಯಾಕೆ ಬಂತು? ಕಿವಿಗೆ ಹತ್ತಿರವೆನಿಸಿ ಬಂತು ಎಂಬುದನ್ನು ಬಿಟ್ಟರೆ ನನಗೆ ಬೇರೆ ಕಾರಣ ತೋರುತ್ತಿಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಇದೇ ಊರಿನಲ್ಲಿ ವರ್ಷಗಟ್ಟಲೆ ಕುಳಿತು ಬೈಬಲನ್ನು ಕನ್ನಡಕ್ಕೆ ತರಲು ದುಡಿದರು. ನಮ್ಮದೇ ನೆಲದಲ್ಲಿ ಒಂದೊಂದು ಪದವನ್ನೂ ತೂಗಿ ಇಟ್ಟವರಿದ್ದರು ಎನ್ನುವ ನೆನಪಿನಿಂದಲೇ ಪದಗಳನ್ನು ಹೀಗೆ ಅದಲುಬದಲು ಮಾಡಿದಾಗ ನನಗೆ ಸಂಕಟವಾಗುತ್ತದೆ.

ಇನ್ನು ಹಳೆಯ ಸೀರೆ. ಹಳೆಯ ಬಟ್ಟೆಯನ್ನು ಬಿಟ್ಟು ಹೊಸತನ್ನು ಉಡುವಂತೆ ದೇಹಿಯು ದೇಹವನ್ನು ಬದಲಿಸುತ್ತಾನೆ ಎಂಬ ಮಾತು ಗೀತೆಯ ಎರಡನೆಯ ಅಧ್ಯಾಯದ್ದು. ಅದು ದೊಡ್ಡ ಮಾತು, ತನ್ನ ಜಾಗದಲ್ಲಿ ಪೂರ್ಣವಾದ ಮಾತು. ಚಿಕ್ಕಂದಿನಿಂದ ಯಾರದೇ ಮಣ್ಣಿಗೆ ಹೋದರೂ ಅದನ್ನು ಕೇಳಿಯೇ ಬೆಳೆದಿದ್ದೇವೆ. ಆದ್ದರಿಂದ ಅದು ನಿಮ್ಮ ಲೇಖನಿಗೆ ತಾನಾಗಿಯೇ ಬಂದಿರಬೇಕು. ಆದರೆ ಸಂತ ಪೌಲರೂ ಇದೇ ಬಟ್ಟೆಯ ಹೋಲಿಕೆಯನ್ನು ಎತ್ತಿಕೊಂಡಿದ್ದಾರೆ, ಮತ್ತು ಅದನ್ನು ಬೇರೆಯೇ ದಿಕ್ಕಿಗೆ ತಿರುಗಿಸಿದ್ದಾರೆ. ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಬರೆದ ಎರಡನೆಯ ಪತ್ರದ ಐದನೆಯ ಅಧ್ಯಾಯದಲ್ಲಿ ಅವರು ಹೇಳುವುದರ ತಾತ್ಪರ್ಯ ಇಷ್ಟು: ನಮಗೆ ಬೇಕಾದದ್ದು ಇದ್ದ ಉಡುಪನ್ನು ಕಳಚಿ ಬೆತ್ತಲಾಗುವುದಲ್ಲ, ಅದರ ಮೇಲೆ ಇನ್ನೊಂದನ್ನು ತೊಟ್ಟುಕೊಳ್ಳುವುದು, ಸಾಯುವಂಥದ್ದನ್ನು ಜೀವವೇ ನುಂಗಿಬಿಡುವುದು. ಮೊದಲನೆಯ ಪತ್ರದ ಹದಿನೈದನೆಯ ಅಧ್ಯಾಯದಲ್ಲಿಯೂ ಅಳಿಯುವ ‘ಈ’ ದೇಹವೇ ಅಳಿಯದ್ದನ್ನು ಧರಿಸಿಕೊಳ್ಳಬೇಕು ಎನ್ನುತ್ತಾರೆ. ಆ ‘ಈ’ ಎಂಬ ಒಂದಕ್ಷರದ ಮೇಲೆ ಇಡೀ ನಂಬಿಕೆ ನಿಂತಿದೆ. ನೀವು ಪೌಲರ ಹೆಸರು ಹೇಳಿ ಬಟ್ಟೆಯನ್ನು ಕಳಚಿಸಿದ್ದೀರಿ, ಅವರು ತೊಡಿಸಿದ್ದಾರೆ.

ಎರಡನೆಯ ಜಾಗ ಇದು: “ಬೀಜ ಕೊಳೆತು ನಾಶವಾದಂತೆ ದೇಹವೂ ನಾಶವಾಗುತ್ತದೆ, ಮೊಳಕೆಯಂತೆ ಆತ್ಮ ಮೇಲೇಳುತ್ತದೆ. ಆದ್ದರಿಂದಲೇ ಪೌಲನು ಅದನ್ನು ‘ಆತ್ಮಿಕ ದೇಹ’ ಎಂದು ಕರೆದನು.”

ನೀವು ಎರೆ ಭೂಮಿಯ ಸೀಮೆಯಲ್ಲಿ ಹುಟ್ಟಿದವರು, ಹಿಂಗಾರಿ ಜೋಳದ ಹೊಲವನ್ನು ನೋಡದೆ ಬೆಳೆದಿರಲಾರಿರಿ. ಕೂರಿಗೆಯಿಂದ ಬಿತ್ತಿದ ಕೆಲವು ದಿನಗಳಿಗೆ ಸಾಲಿನಲ್ಲಿ ಸೂಜಿಯಂತೆ ಹಸಿರು ಕಂಡಾಗ ಒಂದು ಸಸಿಯನ್ನು ಬುಡಸಹಿತ ಮೆಲ್ಲಗೆ ಕಿತ್ತು ನೋಡಿ. ಮೇಲೆ ಸುಳಿ, ಕೆಳಗೆ ದಾರದಂಥ ಬೇರು. ಎರಡರ ನಡುವೆ ನೀವು ಬಿತ್ತಿದ ಅದೇ ಕಾಳು, ಸಿಪ್ಪೆ ಸುಕ್ಕುಗಟ್ಟಿ, ಒಳಗಿನ ಹಿಟ್ಟು ಹಾಲಿನಂತಾಗಿ, ಸಸಿಗೆ ಅಂಟಿಕೊಂಡೇ ಇರುತ್ತದೆ. ಅದು ಇಲ್ಲವಾದದ್ದಲ್ಲ, ತನ್ನನ್ನು ಪೂರ್ತಿ ಸಸಿಗೆ ಕೊಟ್ಟದ್ದು. ನಿಜವಾಗಿ ಕೊಳೆತ ಕಾಳಿನಿಂದ ಏನೂ ಹುಟ್ಟುವುದಿಲ್ಲ. ಮಳೆ ಹೆಚ್ಚಾಗಿ ಕಾಳು ಕೊಳೆತ ವರ್ಷ ರೈತ ಮತ್ತೆ ಬೀಜ ತಂದು ಬಿತ್ತಬೇಕು. ಮೊದಲನೆಯ ಪತ್ರದ ಅದೇ ಹದಿನೈದನೆಯ ಅಧ್ಯಾಯದಲ್ಲಿ ಪೌಲರು, ಬಿತ್ತಿದ ಕಾಳು ‘ಸಾಯದೆ’ ಜೀವ ತಾಳುವುದಿಲ್ಲ ಎಂದರೇ ಹೊರತು ಕೊಳೆತು ನಾಶವಾಗುತ್ತದೆ ಎನ್ನಲಿಲ್ಲ. ನೀವು ಬಿತ್ತುವುದು ಬರೀ ಕಾಳು, ದೇವರು ಅದಕ್ಕೆ ತನ್ನ ಚಿತ್ತದಂತೆ ದೇಹ ಕೊಡುತ್ತಾನೆ, ಪ್ರತಿಯೊಂದು ಬೀಜಕ್ಕೂ ಅದರದೇ ದೇಹ, ಎಂದರು. ಕಾಳಿಗೂ ದೇಹ, ತೆನೆಗೂ ದೇಹ. ಆ ಹೋಲಿಕೆಯಲ್ಲಿ ದೇಹವಿಲ್ಲದ ವಸ್ತು ಒಂದೂ ಇಲ್ಲ. ಕಾಳಿಗೂ ತೆನೆಗೂ ಎಷ್ಟೊಂದು ವ್ಯತ್ಯಾಸವೆಂಬುದು ಅದರ ಒಂದು ಮುಖವಾದರೆ, ಜೋಳ ಬಿತ್ತಿದಲ್ಲಿ ಜೋಳವೇ ಬರುತ್ತದೆ ಎಂಬುದು ಇನ್ನೊಂದು.

ಆತ್ಮಿಕ ದೇಹವೆಂದರೆ ಆತ್ಮದಿಂದ ಮಾಡಿದ, ಮುಟ್ಟಲು ಸಿಗದ, ಹೊಗೆಯಂಥ ದೇಹವೆಂದು ನೀವು ತಿಳಿದಂತಿದೆ. ಅನೇಕರು ಹಾಗೆಯೇ ತಿಳಿಯುತ್ತಾರೆ; ಗ್ರೀಕ್ ಮೂಲವನ್ನು ನೋಡಿದರೆ ಆ ಕಲ್ಪನೆ ನಿಲ್ಲುವುದು ಕಷ್ಟ. ಅಲ್ಲಿ ಎದುರುಬದುರಾಗಿ ನಿಂತಿರುವುದು ‘ಸೋಮ ಪ್ಸುಖಿಕೋನ್’, ಅಂದರೆ ಸಹಜ ಪ್ರಾಣದಿಂದ ನಡೆಯುವ ದೇಹ, ಮತ್ತು ‘ಸೋಮ ಪ್ನ್ಯುಮಾಟಿಕೋನ್’, ಅಂದರೆ ದೇವರ ಆತ್ಮದಿಂದ ನಡೆಯುವ ದೇಹ. ಎರಡರಲ್ಲಿಯೂ ‘ಸೋಮ’, ದೇಹ, ಇದ್ದೇ ಇದೆ. ತುಂಗಭದ್ರಾ ಕಾಲುವೆಯ ದಂಡೆಯ ಮೇಲೆ ಡೀಸೆಲ್ ಎಂಜಿನ್ ಇಟ್ಟವರನ್ನು ಕೇಳಿ. ಅದು ಡೀಸೆಲ್‌ನಿಂದ ಮಾಡಿದ ಎಂಜಿನ್ ಎಂದು ಯಾರೂ ಹೇಳುವುದಿಲ್ಲ, ಡೀಸೆಲ್ ಅದನ್ನು ನಡೆಸುತ್ತದೆ ಅಷ್ಟೆ. ಇದೇ ಪತ್ರದ ಎರಡನೆಯ ಅಧ್ಯಾಯದಲ್ಲಿ ಪೌಲರು ಇದೇ ಎರಡು ವಿಶೇಷಣಗಳನ್ನು ಬದುಕಿರುವ, ನಡೆದಾಡುವ, ಉಣ್ಣುವ ಮನುಷ್ಯರಿಗೆ ಬಳಸಿದ್ದಾರೆ. ಆತ್ಮಿಕ ಮನುಷ್ಯ ಎಂದು ಅವರು ಕರೆದವನಿಗೆ ಎಲುಬು, ಮಾಂಸ ಎಲ್ಲವೂ ಇದ್ದವು.

ರಕ್ತಮಾಂಸಗಳು ದೇವರ ಸಾಮ್ರಾಜ್ಯಕ್ಕೆ ಬಾಧ್ಯವಾಗಲಾರವು ಎಂದು ಆ ಹದಿನೈದನೆಯ ಅಧ್ಯಾಯದ ಐವತ್ತನೆಯ ವಾಕ್ಯ ಹೇಳುತ್ತದಲ್ಲ ಎಂದು ನೀವು ನನ್ನನ್ನು ಕೇಳಬಹುದು, ಕೇಳಲೇಬೇಕು. ಮೂರನೆಯ ಶತಮಾನದ ಕ್ರೈಸ್ತ ಪಂಡಿತ ಒರಿಜೆನರೂ ಅಂಥ ಮಾತುಗಳನ್ನು ಹಿಡಿದೇ, ಇದ್ದ ದೇಹ ಇದ್ದ ಹಾಗೆಯೇ ಎದ್ದು ಬರುತ್ತದೆ ಎಂಬ ಒರಟು ಓದನ್ನು ಪ್ರಶ್ನಿಸಿದರು. ಕತ್ತರಿಸಿದ ಕೂದಲು, ಉಗುರು ಕೂಡ ಮರಳಿ ಬರುತ್ತವೆಯೇ ಎಂಬ ಪ್ರಶ್ನೆಯನ್ನು ಆಮೇಲೆ ಆಗಸ್ಟೀನರಂಥ ಪಂಡಿತರೇ ಎತ್ತಿಕೊಂಡು ಉತ್ತರ ಕೊಡಬೇಕಾಯಿತು. ರಕ್ತಮಾಂಸವೆಂಬುದು ಅಳಿದುಹೋಗುವ ದುರ್ಬಲ ಮನುಷ್ಯನಿಗೆ ಯೆಹೂದ್ಯರ ಮಾತಿನಲ್ಲಿ ಇದ್ದ ಹೆಸರು, ಮರುವಾಕ್ಯದಲ್ಲಿಯೇ ನಾವೆಲ್ಲರೂ ‘ಮಾರ್ಪಡುತ್ತೇವೆ’ ಎಂದಿದೆ ಎಂಬುದು ನನ್ನ ಓದು. ನಿಮ್ಮ ಓದು ಬೇರೆಯಾಗಿದ್ದರೆ, ಆ ವಾಕ್ಯವನ್ನು ಮುಂದಿಟ್ಟುಕೊಂಡು ನೇರವಾಗಿ ವಾದಿಸಿ, ಅದನ್ನೂ ಪ್ರಕಟಿಸುತ್ತೇನೆ. ವಾದ ಮಾಡದೆ, ಒಂದು ಉಪಮೆಯ ಬೆನ್ನಿಗೆ ಅಡಗಿ ದೇಹವನ್ನು ಸಾಗಹಾಕುವುದು ಮಾತ್ರ ಬೇಡ. ನೀವೂ ನಿಮ್ಮ ಅಜ್ಜಿಯೂ ಗುಡಿಯಲ್ಲಿ ಹೇಳುತ್ತ ಬಂದ ಪ್ರೇಷಿತರ ವಿಶ್ವಾಸ ಪ್ರಮಾಣದ ಲ್ಯಾಟಿನ್ ಪಾಠದಲ್ಲಿ ದೇಹ ಎಂದು ಕೂಡ ಇಲ್ಲ, ‘ಕಾರ್ನಿಸ್’, ಮಾಂಸದ, ಪುನರುತ್ಥಾನ ಎಂದೇ ಇದೆ.

1986ರಲ್ಲಿ ಬಳ್ಳಾರಿಯ ಒಂದು ಸಣ್ಣ ವಾರಪತ್ರಿಕೆಯಲ್ಲಿ ನಾನು ಕೆಲಸಕ್ಕೆ ಸೇರಿದ್ದೆ. ಮೊಳೆ ಜೋಡಿಸುವ ಕಾಲ. ಕರಡಚ್ಚಿನ ಮಸಿ ಬೆರಳಿನಿಂದ ಅಂಗಿಗೆ ಹತ್ತುತ್ತಿತ್ತು. ನವೆಂಬರ್ 2, ಮೃತರ ಸ್ಮರಣೆಯ ದಿನಕ್ಕೆಂದು ನಾನು ಬರೆದ ಮೊದಲ ಲೇಖನದಲ್ಲಿ “ಗೋರಿಯಲ್ಲಿರುವುದು ಬರಿಯ ಮಣ್ಣು, ಹಕ್ಕಿ ಹಾರಿಹೋಗಿದೆ” ಎಂಬ ಸಾಲಿತ್ತು. ಅದನ್ನು ಬರೆದು ನಾನು ಬಹಳ ಹಿಗ್ಗಿದ್ದೆ. ನಮ್ಮ ಸಂಪಾದಕರು ಕ್ರೈಸ್ತರಲ್ಲ, ನಿತ್ಯ ಇಷ್ಟಲಿಂಗ ಪೂಜೆ ಮಾಡುವವರು. ಅವರು ಆ ಸಾಲಿನ ಕೆಳಗೆ ಕೆಂಪು ಪೆನ್ಸಿಲ್ಲಿನಿಂದ ಗೆರೆ ಎಳೆದು, “ಇದು ಅವರ ನಂಬಿಕೇನೋ, ನಿನ್ನ ಪದ್ಯಾನೋ? ಹೋಗಿ ನೋಡ್ಕೊಂಡು ಬಾ ತಮ್ಮಾ” ಎಂದರು.

ಹೋದೆ. ಸಂಜೆ ನಾಲ್ಕರ ಹೊತ್ತು. ಗೋರಿಗಳಿಗೆ ಸುಣ್ಣ ಹಚ್ಚಿದ್ದರು, ಚೆಂಡುಹೂವಿನ ವಾಸನೆ ಹಬ್ಬಿತ್ತು. ಒಬ್ಬ ತಾಯಿ ತಂಬಿಗೆಯಲ್ಲಿ ನೀರು ತಂದು, ಮಗನ ಗೋರಿಯ ಕಲ್ಲನ್ನು ಬರಿಗೈಯಿಂದ ತೊಳೆಯುತ್ತಿದ್ದಳು. ಎಳೆಯ ಮಗುವಿನ ಮುಖ ತೊಳೆಯುವಾಗ ಅಂಗೈಯನ್ನು ಮೇಲಿನಿಂದ ಕೆಳಗೆ ತರುತ್ತಾರಲ್ಲ, ಹಾಗೆ. ನಾನು ಇನ್ನಷ್ಟು ಹತ್ತಿರ ಹೋಗಿ ನಿಂತೆ. ಆಕೆ ತಲೆ ಎತ್ತದೆ, “ಅಲ್ಲಿ ನಿಂದ್ರಬ್ಯಾಡಪ್ಪಾ, ಅವನ ತಲಿ ಐತಿ ಅಲ್ಲಿ” ಎಂದಳು. ನಾನು ಪಕ್ಕಕ್ಕೆ ಸರಿದೆ. ಆಕೆ ಹೂ ಇಟ್ಟು, ಮೇಣದ ಬತ್ತಿ ಹಚ್ಚಿ, ಗಾಳಿಗೆ ಆರದಂತೆ ಸೆರಗು ಮರೆ ಮಾಡಿ ಕುಳಿತಳು. ಮರಳಿ ಬಂದು ನನ್ನ ಸಾಲನ್ನು ನಾನೇ ಹೊಡೆದುಹಾಕಿದೆ. ಆ ತಾಯಿ ಪೌಲರ ಪತ್ರವನ್ನು ಓದಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅಲ್ಲಿ ಮಲಗಿದ್ದವನು ಅವಳ ಮಗನಾಗಿದ್ದ, ಕಳಚಿಟ್ಟ ಬಟ್ಟೆಯಾಗಿರಲಿಲ್ಲ.

ನಿಮ್ಮ ಪ್ರಬಂಧದಲ್ಲಿ ನನಗೆ ನೋವಾದದ್ದೂ ಇಲ್ಲಿಯೇ. ಮೊದಲ ಪುಟದಲ್ಲಿ ಅಜ್ಜಿಯ ಕೈಯನ್ನು ಅಷ್ಟು ಪ್ರೀತಿಯಿಂದ, ಸುಟ್ಟ ಕಲೆಯ ಸಮೇತ, ನಮಗೆ ತೋರಿಸಿದಿರಿ. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಅದೇ ಕೈ ನಿಮಗೆ ಬೇಡವಾಯಿತು. ಯೊವಾನ್ನರ ಶುಭಸಂದೇಶದ ಇಪ್ಪತ್ತನೆಯ ಅಧ್ಯಾಯವನ್ನು ಇನ್ನೊಮ್ಮೆ ತೆಗೆದು ಓದಿ. ಮುಚ್ಚಿದ ಬಾಗಿಲುಗಳ ಒಳಗೆ ಬಂದು ನಿಂತ ಯೇಸು, ಮಗ್ದಲದ ಮರಿಯಳಿಗೂ ಮೊದಲು ಗುರುತು ಸಿಗದ ಯೇಸು, ಶಿಷ್ಯರಿಗೆ ತೋರಿಸಿದ್ದು ತಮ್ಮ ಕೈಗಳನ್ನು ಮತ್ತು ಪಕ್ಕೆಯನ್ನು. ಸಾವನ್ನು ಗೆದ್ದು ಬಂದ ದೇಹದಲ್ಲಿಯೂ ಗಾಯದ ಗುರುತುಗಳು ಮಾಯವಾಗಿರಲಿಲ್ಲ. ತೋಮನಿಗೆ ಗುರುತು ಸಿಕ್ಕದ್ದು ಅವುಗಳಿಂದಲೇ. ಲೂಕರು ಇನ್ನೂ ಮುಂದೆ ಹೋಗುತ್ತಾರೆ: ಭೂತವನ್ನು ಕಂಡೆವೆಂದು ಹೆದರಿದವರ ಎದುರು ಯೇಸು, ಭೂತಕ್ಕೆ ಎಲುಬು ಮಾಂಸಗಳಿಲ್ಲ, ನನ್ನನ್ನು ಮುಟ್ಟಿ ನೋಡಿ ಎಂದು ಹೇಳಿ, ಸುಟ್ಟ ಮೀನಿನ ತುಂಡನ್ನು ತೆಗೆದುಕೊಂಡು ತಿನ್ನುತ್ತಾರೆ. ಬಾಗಿಲು ತಡೆಯಲಾರದ ದೇಹ, ಆದರೂ ಮೀನು ತಿನ್ನುವ ದೇಹ. ಇವೆರಡನ್ನೂ ಸುಲಭವಾಗಿ ಹೊಂದಿಸುವ ಉಪಮೆ ಶುಭಸಂದೇಶ ಬರೆದವರಿಗೂ ಸಿಗಲಿಲ್ಲ. ಕಂಡದ್ದನ್ನು ಕಂಡಂತೆ ಪಕ್ಕಪಕ್ಕದಲ್ಲಿ ಇಟ್ಟು ಸುಮ್ಮನಾದರು. ನೀವೂ ಹಾಗೆ ಇಟ್ಟು ಸುಮ್ಮನಾಗಬಹುದು.

ಮೂರನೆಯ ಪುಟವನ್ನು ಪೂರ್ತಿ ತೆಗೆದುಹಾಕಿ ಹೊಸದಾಗಿ ಬರೆಯಿರಿ. ಸೀರೆ ಬೇಡ, ಕೊಳೆತ ಬೀಜ ಬೇಡ, ‘ಪುನರ್ಜನ್ಮ’ ಬೇಡವೇ ಬೇಡ. ಬರೆಯುವ ಮುನ್ನ ಒಮ್ಮೆ ಅಜ್ಜಿಯ ಗೋರಿಯ ಬಳಿಗೆ ಹೋಗಿ ಬನ್ನಿ. ಆ ಸುಟ್ಟ ಕಲೆ ಬಲಗೈ ಮೇಲಿತ್ತೋ ಎಡಗೈ ಮೇಲಿತ್ತೋ ನೀವು ಬರೆದಿಲ್ಲ, ಅದನ್ನೂ ಸೇರಿಸಿ. ಈಸ್ಟರಿನ ಹಿಂದಿನ ಭಾನುವಾರವಾದ ಗರಿಗಳ ಭಾನುವಾರಕ್ಕೆ ಮೂರು ವಾರ ಮೊದಲು ತಲುಪಿದರೆ ಈಸ್ಟರ್ ಸಂಚಿಕೆಯಲ್ಲಿಯೇ ಹಾಕುತ್ತೇನೆ. ನಿಮಗಾಗಿ ನಾಲ್ಕು ಪುಟ ಖಾಲಿ ಇಟ್ಟಿದ್ದೇನೆ.