ತೆರಿಗೆ ಕಟ್ಟುತ್ತೇನೆ, ದಾನವೂ ಮಾಡುತ್ತೇನೆ, ಆದರೂ ಮನಸ್ಸು ಖಾಲಿ. ಇನ್ನೂ ಜಾಸ್ತಿ ಕೊಡಬೇಕಾ?

ನಿಮ್ಮ ಪ್ರಶ್ನೆ ಓದಿದ ಕೂಡಲೇ ಉತ್ತರ ಬರೆಯಬೇಕು ಅನ್ನಿಸಿತು. ನಾನು ಉಡುಪಿಯಲ್ಲಿ ತೆರಿಗೆ ಲೆಕ್ಕ ಬರೆಯುವವನು. ಇದೇ ಮಾತನ್ನು ನನ್ನ ಮೇಜಿನ ಆಚೆ ಕುಳಿತು ಹೇಳಿದವರು ಹಲವರಿದ್ದಾರೆ.

ಮೊದಲು ಲೆಕ್ಕದ ಮಾತು. "ಸಿರಿವಂತರು ತೆರಿಗೆ ಉಳಿಸಲೆಂದೇ ದಾನ ಮಾಡುತ್ತಾರೆ" ಎಂದು ಜನ ಹೇಳುತ್ತಾರೆ, ಅಲ್ವಾ? ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ, ದಾನಕ್ಕೆ ವಿನಾಯಿತಿ ಕೊಡುವ 80ಜಿ ಎಂಬ ನಿಯಮದಡಿ, ಸಾಮಾನ್ಯ ಟ್ರಸ್ಟ್‌ಗೆ 1 ಲಕ್ಷ ಕೊಟ್ಟರೆ ಅರ್ಧಕ್ಕೆ ಮಾತ್ರ ವಿನಾಯಿತಿ. 30% ದರದವರಿಗೆ ಉಳಿಯುವುದು ಸೆಸ್ ಸೇರಿ ಸುಮಾರು 15,600 ರೂಪಾಯಿ. ಉಳಿದ 84,000 ಚಿಲ್ಲರೆ ಸ್ವಂತ ಜೇಬಿನಿಂದಲೇ ಹೋಗುತ್ತದೆ. ಹೊಸ ಪದ್ಧತಿಯಲ್ಲಿ ಅದೂ ಇಲ್ಲ. ಊರ ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ಕೊಟ್ಟದ್ದಕ್ಕೆ ಸಾಮಾನ್ಯವಾಗಿ 80ಜಿ ಸಿಗುವುದೇ ಇಲ್ಲ. ಹಾಗಾಗಿ ನೀವು ಕೊಟ್ಟದ್ದು ನಿಜವಾಗಿಯೂ ಕೊಟ್ಟದ್ದೇ. ಅದರಲ್ಲಿ ಸಂಶಯ ಬೇಡ.

ತೆರಿಗೆಯನ್ನು ಮಾತ್ರ ದಾನದ ಜೊತೆ ಸೇರಿಸಬೇಡಿ. ಮಲ್ಪೆಯ ಮೀನುಗಾರನ ಮಗುವಿಗೆ ಸರಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಕ್ಕರೆ ಆತ ಯಾರಿಗೂ ಕೈ ಮುಗಿಯಬೇಕಿಲ್ಲ. ಅದು ಅವನ ಹಕ್ಕು. ಆ ಹಕ್ಕಿನ ಹಿಂದೆ ನೀವು ಕಟ್ಟಿದ ದುಡ್ಡೂ ಇದೆ. ನನಗೆ ಇದು ದಾನಕ್ಕಿಂತ ದೊಡ್ಡದು ಅನ್ನಿಸುತ್ತದೆ.

ಇನ್ನು ಖಾಲಿತನದ ವಿಷಯ. ನನ್ನ ಕಕ್ಷಿದಾರರೊಬ್ಬರಿಗೆ ಮುಂಬೈಯಲ್ಲಿ ಹೋಟೆಲುಗಳಿವೆ. ಊರ ದೇವಸ್ಥಾನಕ್ಕೆ 5 ಲಕ್ಷ ಕೊಟ್ಟಿದ್ದರು. ದೇವಸ್ಥಾನದವರು ಕಲ್ಲಿನಲ್ಲಿ ಇವರ ಹೆಸರು ಕೆತ್ತಿಸಿದರು, ವೇದಿಕೆಯಲ್ಲಿ ಶಾಲು ಹೊದೆಸಿದರು. "ಶಾಲು ಹೊದ್ದುಕೊಂಡು ಮನೆಗೆ ಬಂದೆ. ರಾತ್ರಿ ನಿದ್ದೆ ಬರಲಿಲ್ಲ" ಅಂದರು. ಯಾರೇ ಹತ್ತಿರ ಬಂದರೂ ಏನೋ ಕೇಳಲಿಕ್ಕೆ ಬಂದರು ಅನ್ನಿಸುತ್ತಿತ್ತಂತೆ.

ಮರುವರ್ಷ ಜಾತ್ರೆಯ ಹಿಂದಿನ ರಾತ್ರಿ ಸುಮ್ನೆ ದೇವಸ್ಥಾನದ ಕಡೆ ಹೋದರು. ಅಡುಗೆ ಚಪ್ಪರದಲ್ಲಿ ಊರವರು ಸಾಲಾಗಿ ಕುಳಿತು ಸೌತೆಕಾಯಿ ಹೆಚ್ಚುತ್ತಿದ್ದರು. ಇವರೂ ಬೈರಾಸು (ಟವೆಲ್) ಸುತ್ತಿಕೊಂಡು ಒಂದು ಮೆಟ್ಟುಕತ್ತಿಯ (ಈಳಿಗೆಮಣೆಯ) ಮುಂದೆ ಕುಳಿತರು. ಪಕ್ಕದಲ್ಲಿದ್ದ ಅಜ್ಜ ಇವರ ಬುಟ್ಟಿಗೆ ಕೈ ಹಾಕಿ ಒಂದು ಹೋಳು ಎತ್ತಿ ನೋಡಿ, "ದಪ್ಪ ಆಯ್ತು ಮಾರಾಯ್ರೆ, ಹುಳಿಯಲ್ಲಿ ಬೇಯಲಿಕ್ಕಿಲ್ಲ" ಅಂದರಂತೆ. ಅಜ್ಜನಿಗೆ ಇವರು ಯಾರೆಂದು ಗೊತ್ತಿರಲಿಲ್ಲ. ಇದನ್ನು ಹೇಳುವಾಗ ಅವರ ಕಣ್ಣು ತುಂಬಿತ್ತು. ಎಷ್ಟೋ ವರ್ಷದ ನಂತರ ಯಾರೋ ತಪ್ಪು ತೋರಿಸಿ ಕೆಲಸ ಕಲಿಸಿದ್ದರು.

ಸಿರಿವಂತರಿಗೆ ಕಡಿಮೆ ಬೀಳುವುದು ಇದೇ ಎಂದು ನನ್ನ ನಂಬಿಕೆ. ಅವರನ್ನು ದುಡ್ಡಿನಿಂದ ಬೇರೆ ಮಾಡಿ ನೋಡುವವರು ಸಿಗುವುದಿಲ್ಲ. ಪೂಜೆ, ಹರಕೆ ಎಲ್ಲ ಮಾಡಿಸಬಹುದು. ಆದರೆ ಪಂಕ್ತಿಯಲ್ಲಿ ಕುಳಿತು ಉಣ್ಣುವುದನ್ನು ಬೇರೆಯವರಿಂದ ಮಾಡಿಸಲು ಆಗುವುದಿಲ್ಲ.

ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರ ವಿಷಯ ಕೇಳಿರಬಹುದು. 1906ರಲ್ಲಿ ಅವರು ಕಟ್ಟಿದ ಬ್ಯಾಂಕೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಮೊದಲ ದಿನದ ಕೊನೆಗೆ ಅದರಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಉಡುಪಿಯ ಸರಕಾರಿ ಹೆರಿಗೆ ಮತ್ತು ಮಕ್ಕಳ ಆಸ್ಪತ್ರೆಗೆ ಜಾಗ ಕೊಟ್ಟವರೂ ಅವರೇ. ಹರೇಕಳ ಹಾಜಬ್ಬನವರು ಮಂಗಳೂರಿನಲ್ಲಿ ಕಿತ್ತಳೆ ಮಾರಿ, ಉಳಿಸಿದ ದುಡ್ಡಿನಿಂದ ಊರಿಗೆ ಶಾಲೆ ತಂದವರು. ಒಬ್ಬರು ಸಾಹುಕಾರ, ಇನ್ನೊಬ್ಬರು ಬುಟ್ಟಿ ಹೊತ್ತವರು. ಇಬ್ಬರೂ ಕೊಟ್ಟದ್ದು ತಾವು ದಿನಾ ನೋಡುತ್ತಿದ್ದ ಊರಿಗೆ, ಗುರುತಿದ್ದ ಮುಖಗಳಿಗೆ.

ಹಾಗಾಗಿ ಮೊತ್ತ ಏರಿಸುವ ಯೋಚನೆ ಸದ್ಯಕ್ಕೆ ಬಿಡಿ. ನೀವು ಯಾವುದಾದರೂ ಶಾಲೆಗೆ ಕೊಡುತ್ತಿದ್ದರೆ ಅಲ್ಲಿಗೇ ಒಂದು ಮಧ್ಯಾಹ್ನ ಹೇಳದೆ ಹೋಗಿ, ಮಕ್ಕಳ ಜೊತೆ ಊಟಕ್ಕೆ ಕುಳಿತುಕೊಳ್ಳಿ. ಬಟ್ಟಲು ನೀವೇ ತೊಳೆಯಿರಿ.

ನನ್ನ ಕಕ್ಷಿದಾರರು ಈಗಲೂ ದೇವಸ್ಥಾನಕ್ಕೆ ಕೊಡುತ್ತಾರೆ. ಹೆಸರು ಹಾಕುವುದು ಬೇಡ ಅಂದಿದ್ದಾರೆ. ಈ ಸಲ ಮುಂಬೈಯಿಂದ ಜಾತ್ರೆಗೆ ಎರಡು ದಿನ ಮೊದಲೇ ಟಿಕೆಟ್ ಮಾಡಿಸಿದ್ದಾರೆ, ಸೌತೆಕಾಯಿ ಹೆಚ್ಚುವ ರಾತ್ರಿ ತಪ್ಪಬಾರದೆಂದು.